ದೊಡ್ಡಕ್ಕನಿಗೊಂದು ಮಾತಾಡುವ ಗಾಳಿ ಮೀಟರು

"ಇನ್ನು ಮೇಲೆ ನನ್ನ ಅಪ್ಪಣೆ ಇಲ್ಲದೆ ಈ ಮನೆಯ ಒಂದು ಟೈರೂ ಉಸಿರು ಬಿಡಕೂಡದು!"

ಚಿಕ್ಕಪ್ಪ ಹೀಗೆ ಘೋಷಿಸಿದ್ದು ಯಾವ ದರ್ಬಾರಿನಲ್ಲೂ ಅಲ್ಲ, ಅಡುಗೆಮನೆಯ ಹೊಸ್ತಿಲಲ್ಲಿ, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು.

ವಿಷಯ ಇಷ್ಟು, ಕೇಳಿ. ಚಿಕ್ಕಮ್ಮನದು ಗಿಡಗಳ ನರ್ಸರಿ. ಆ ಗಿಡಗಳನ್ನು ಸಾಗಿಸುವುದು ಚಿಕ್ಕಪ್ಪನ ಆರು ಚಕ್ರದ ಲಾರಿ. ಅದಕ್ಕೆ ಎಷ್ಟು ವಯಸ್ಸೆಂದರೆ, ಚಿಕ್ಕಪ್ಪ ಅದನ್ನು 'ದೊಡ್ಡಕ್ಕ' ಎಂದೇ ಕರೆಯುತ್ತಾನೆ. ದೊಡ್ಡಕ್ಕನ ಟೈರು ಪರೀಕ್ಷಿಸುವ ವಿದ್ಯೆಯೂ ಅವನದೇ: ಕಬ್ಬಿಣದ ರಾಡಿನಿಂದ ಟೈರಿಗೊಂದು ಏಟು, ಕಣ್ಣು ಮುಚ್ಚಿ ಸದ್ದು ಕೇಳುವುದು, "ಗಾಳಿ ಸರಿಯಾಗಿದೆ!" ಎಂದು ತೀರ್ಪು ಕೊಡುವುದು. ಹೋದ ವಾರ ಹಾಗೆ ತೀರ್ಪು ಪಡೆದ ಟೈರೊಂದು ನಡುದಾರಿಯಲ್ಲಿ ಢಮಾರ್ ಎಂದಿತು! ಹಿಂದೆ ತುಂಬಿದ್ದ ಗುಲಾಬಿಗಳೆಲ್ಲ ಬಿಸಿಲಿಗೆ ಬಾಡಿ ತಲೆ ತಗ್ಗಿಸಿದವು. ಚಿಕ್ಕಮ್ಮ ಮಾತ್ರ ತಲೆ ಎತ್ತಿದಳು.

"ನೋಡ್ರೀ, ನಿಮ್ಮ ದೊಡ್ಡಕ್ಕ ಇನ್ನೊಂದೇ ಒಂದು ಸಲ ದಾರೀಲಿ ನಿಲ್ಲಲಿ. ನಿಂತ ಜಾಗದಿಂದಲೇ ಗುಜರಿಯವನಿಗೆ ಫೋನ್ ಮಾಡ್ತೀನಿ!"

ಗುಜರಿ! ನೊರೆಬಾಯಿಯ ಪ್ರತಿಜ್ಞೆ ಹುಟ್ಟಿದ್ದು ಅದಕ್ಕೇ.

ಅವತ್ತೇ ಇಬ್ಬರೂ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರು. ಅಂಗಡಿಯವನು ಗಾಳಿ ತೋರಿಸುವ ಯಂತ್ರಗಳನ್ನು ಸಾಲಾಗಿ ಇಟ್ಟ. ಪ್ರತಿ ಟೈರಿನ ವಾಲ್ವಿಗೆ ಒಂದೊಂದು ಪುಟ್ಟ ಸೆನ್ಸರ್ ಮುಚ್ಚಳ ತಿರುಗಿಸಿದರಾಯಿತು, ಡ್ರೈವರ್ ಮುಂದಿನ ಪರದೆಯಲ್ಲಿ ಎಲ್ಲ ಟೈರಿನ ಜಾತಕ!

ಚಿಕ್ಕಮ್ಮ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದನ್ನು ಎತ್ತಿಕೊಂಡಳು. "ಅಂಕೆ ದಪ್ಪಗಿದೆ, ಕಡಿಮೆಯಾದ್ರೆ ಕೀಂಯ್ ಅನ್ನುತ್ತೆ. ಸಾಕಲ್ವಾ?"

"ಕೀಂಯ್ ಅನ್ನೋಕೆ ಅದೇನು ಇಲಿಮರೀನಾ? ದೊಡ್ಡಕ್ಕನ ಘನತೆಗೆ ತಕ್ಕ ಹಾಗಿರಬೇಕು ಕಣೇ!" ಚಿಕ್ಕಪ್ಪನ ಕಣ್ಣು ಆಗಲೇ ಊಟದ ತಟ್ಟೆಯಷ್ಟು ಅಗಲದ ಬಣ್ಣದ ಪರದೆಯ ಮೇಲೆ ಬಿದ್ದಿತ್ತು. ಅದು ಮಾತೂ ಆಡುತ್ತಿತ್ತು!

"ಸರ್, ಹಳೇ ಗಾಡಿ ಅಂತೀರಿ, ಇದಕ್ಕೆ ಮುಂದೆ ಜಾಗ ಇರುತ್ತಾ?" ಎಂದ ಅಂಗಡಿಯವನು.

"ಮನಸ್ಸಿದ್ದರೆ ಮಾರ್ಗ! ಪ್ಯಾಕ್ ಮಾಡಪ್ಪ."

"ಮನೇಲಿ ನಾನು ಮಾತಾಡಿದ್ರೆ ಕಿವಿ ಕೇಳ್ಸಲ್ಲ," ಚಿಕ್ಕಮ್ಮ ಅಂಗಡಿಯವನಿಗೆ ಹೇಳಿದಳು, "ಈ ಪರದೆಯವಳ ಮಾತು ಕೇಳ್ತಾರಂತೆ."

ಮರುದಿನ ಬೆಳಗಿನ ತಂಪಿನಲ್ಲಿ ಚಿಕ್ಕಪ್ಪ ಆರೂ ಟೈರಿಗೆ ಅಳತೆಗೆ ಸರಿಯಾಗಿ ಗಾಳಿ ತುಂಬಿ, ಒಂದಂಕೆ ಆಚೀಚೆಯಾದರೂ ಕೂಗುವಂತೆ ಯಂತ್ರಕ್ಕೆ ಕಟ್ಟಪ್ಪಣೆ ಮಾಡಿದ. ಹೊಸ ಆಸ್ಪತ್ರೆಯ ಅಂಗಳಕ್ಕೆ ಗಿಡ ಬೇಕಿತ್ತು. ಕುಂಡಗಳನ್ನು ಒತ್ತೊತ್ತಾಗಿ ತುಂಬಿ, ಗಂಡ ಹೆಂಡತಿ ಹೊರಟರು.

ಊರು ದಾಟಿರಲಿಲ್ಲ, ಪರದೆ ಕೆಂಪಗಾಯಿತು. "ಎಚ್ಚರಿಕೆ! ಗಾಳಿ ಹೆಚ್ಚಾಗಿದೆ!"

ಚಿಕ್ಕಪ್ಪ ಧುಮುಕಿದ. ಮುಚ್ಚಳ ಬಿಚ್ಚಿದ, ಬುಸ್ಸೆಂದು ಗಾಳಿ ಬಿಟ್ಟ. ಹಿಂದಿನ ಜೋಡಿ ಚಕ್ರದ ಒಳಗಿನ ಟೈರಿಗೆ ಕೈ ಎಟುಕದೆ ಲಾರಿಯಡಿ ತೆವಳಿದ. ಹೋದದ್ದು ಬಿಳಿ ಅಂಗಿ, ಬಂದದ್ದು ಕರಿ ಅಂಗಿ! ಒಂದಷ್ಟು ದೂರ ಹೋದರೆ ಮತ್ತೆ "ಹೆಚ್ಚಾಗಿದೆ!" ಮತ್ತೆ ಬುಸ್!

"ರೀ, ಹಾಲು ಕಾದ್ರೆ ಉಕ್ಕಲ್ವಾ? ಟೈರು ಓಡಿ ಬಿಸಿಯಾದ್ರೆ ಒಳಗಿನ ಗಾಳೀನೂ ಏರುತ್ತೆ. ತಣ್ಣಗಾದ್ರೆ ತಾನೇ ಇಳಿಯುತ್ತೆ, ಬಿಡ್ರೀ."

"ಲಾರಿ ವಿಷಯಕ್ಕೆ ಹಾಲು ತರಬೇಡ್ವೇ! ಯಂತ್ರ ಸುಳ್ಳು ಹೇಳುತ್ತಾ?"

ಚಹಾ ಕುಡಿಯಲು ಮರದ ನೆರಳಿಗೆ ನಿಲ್ಲಿಸಿದರು. ಟೈರು ತಣ್ಣಗಾಯಿತು. ಪರದೆ ರಾಗ ಬದಲಿಸಿತು: "ಎಚ್ಚರಿಕೆ! ಗಾಳಿ ಕಡಿಮೆಯಾಗಿದೆ!" ಆರಕ್ಕೆ ಆರೂ! ಚಿಕ್ಕಮ್ಮ ಚಹಾದ ಲೋಟದೊಳಗೇ ನಕ್ಕಳು. ಪಂಕ್ಚರ್ ಅಂಗಡಿಗೆ ಹೋಗಿ ತುಂಬಿಸಿದ್ದಾಯಿತು. ಮತ್ತೆ ಓಟ, ಮತ್ತೆ ಬಿಸಿ, ಮತ್ತೆ ಬುಸ್. ಆ ರಸ್ತೆಯಲ್ಲಿ ಅವತ್ತು ಬೀಸಿದ ಗಾಳಿಯಲ್ಲಿ ಅರ್ಧ ದೊಡ್ಡಕ್ಕನದೇ ಇರಬೇಕು!

ಕೊನೆಗೆ ಬೆವರಿಳಿಸುತ್ತ ಚಿಕ್ಕಪ್ಪ ಸೀಟಿಗೆ ಬಿದ್ದ. ಗಾಡಿ ಹೊರಟಿತು. ಪರದೆಯಲ್ಲಿ ಆರೂ ಅಂಕೆ ಹಚ್ಚ ಹಸಿರು! "ನೋಡೇ! ಹೇಗೆ ದಾರಿಗೆ ತಂದೆ!"

ದೊಡ್ಡಕ್ಕ ಒಮ್ಮೆ ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿದಳು. ನಿಂತಳು.

ಆರು ಟೈರೂ ಗುಂಡುಕಲ್ಲಿನ ಹಾಗಿವೆ, ಗಾಡಿ ಮಾತ್ರ ಅಲ್ಲಾಡದು! ಚಿಕ್ಕಪ್ಪ ಬಾನೆಟ್ ಎತ್ತಿದ, ಇಳಿಸಿದ, ದೊಡ್ಡಕ್ಕನ ಬೆನ್ನು ಸವರಿದ. ಚಿಕ್ಕಮ್ಮ ಕೂತಲ್ಲಿಂದಲೇ ಕೇಳಿದಳು:

"ರೀ, ಡೀಸೆಲ್ ಎಷ್ಟಿದೆ?"

"ಮುಳ್ಳು ನೋಡೇ."

"ಮುಳ್ಳೆಲ್ಲಿದೆ?"

ಮುಳ್ಳಿರಲಿಲ್ಲ. ಮುಳ್ಳಿದ್ದ ಜಾಗದಲ್ಲಿ ಊಟದ ತಟ್ಟೆಯಷ್ಟು ಅಗಲದ ಪರದೆ, ಹೊಸ ಅಂಟಿನಲ್ಲಿ ಗಟ್ಟಿಯಾಗಿ ಕೂತು ನಗುತ್ತಿತ್ತು. ಮಾರ್ಗ ಸಿಕ್ಕಿದ್ದು ಡೀಸೆಲ್ ಮೀಟರಿನ ನೆತ್ತಿಯ ಮೇಲೆ!

ಚಿಕ್ಕಮ್ಮ ಫೋನ್ ತೆಗೆದಳು. "ಹಲೋ, ಗುಜರಿಯಣ್ಣಾ? ಹೂಂ, ನಿಂತಿದೆ. ಬೈಪಾಸ್ ಹತ್ರ. ಬೇಗ ಬನ್ನಿ." ಉಳಿದದ್ದನ್ನು ಆಚೆ ತಿರುಗಿ ಮೆಲ್ಲಗೆ ಹೇಳಿದಳು.

ಚಿಕ್ಕಪ್ಪ ಚಕ್ರಕ್ಕೆ ಒರಗಿ ನೆಲದಲ್ಲೇ ಕೂತ. "ಅವಳದೇನೂ ತಪ್ಪಿಲ್ಲ ಕಣೇ," ಎಂದ ಸಣ್ಣ ದನಿಯಲ್ಲಿ. "ನಾನೇ ಅವಳನ್ನ ಉಪವಾಸ ಕೆಡವಿದೆ." ಚಿಕ್ಕಮ್ಮ ಗಿಡಗಳಿಗೆ ನೀರು ಚಿಮುಕಿಸುತ್ತಿದ್ದಳು.

ಗುಜರಿಯವನು ಟೆಂಪೋದಲ್ಲಿ ಬಂದಿಳಿದ. ಕೈಯಲ್ಲಿ ಡೀಸೆಲ್ ಕ್ಯಾನು!

"ಖಾಲಿಯಾದ ಗಾಡಿ ಅಣ್ಣಾ, ಡೀಸೆಲ್ ಪೈಪಲ್ಲಿ ಗಾಳಿ ಸೇರಿರುತ್ತೆ. ಪಂಪ್ ಒತ್ತಿ ತೆಗೀಬೇಕು," ಎಂದ ಅವನು, ಟ್ಯಾಂಕಿಗೆ ಡೀಸೆಲ್ ಸುರಿಯುತ್ತ.

"ಇನ್ನೂ ಗಾಳೀನಾ!" ಚಿಕ್ಕಪ್ಪ ಅಳುವುದೊಂದು ಬಾಕಿ. ಆದರೂ ಎದ್ದ, ಒತ್ತಿದ. ದೊಡ್ಡಕ್ಕ ಗುರ್ ಎಂದು ಎದ್ದಳು. ಪರದೆ ಕೂಗಿತು. ಚಿಕ್ಕಮ್ಮ ಅದರ ವಯರ್ ಕಿತ್ತಳು.

ಚಿಕ್ಕಪ್ಪ ಮೆಲ್ಲಗೆ ಕೇಳಿದ, "ಹಾಗಾದ್ರೆ... ದೊಡ್ಡಕ್ಕನ್ನ ಕೊಡಲ್ವಾ?"

"ಅವಳನ್ನ ಯಾಕೆ ಕೊಡ್ಲಿ? ಕೊಡೋ ಮಾಲಿನ ಬಗ್ಗೆ ಆಗಲೇ ಇವರನ್ನ ಫೋನಲ್ಲಿ ವಿಚಾರಿಸಿದೆ, ನೀವು ಲಾರಿಯಡಿ ತೆವಳ್ತಿದ್ದಾಗ."

ಗುಜರಿಯವನು ಚಿಕ್ಕಪ್ಪನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕ್ಯಾನಿನ ಮುಚ್ಚಳ ಬಿಗಿದ.

"ಬೇಡಕ್ಕಾ. ಫೋನಲ್ಲಿ ಹೇಳಿದ್ದೇ ಈಗಲೂ ಹೇಳ್ತೀನಿ. ಈ ಮಾಡೆಲ್ಲು ಯಾರೂ ತಗೊಳ್ಳಲ್ಲ, ನೀವೇ ಇಟ್ಕೊಂಡು ಓಡಿಸ್ಬೇಕು!"