ಬಿಳಿ ಕಾರು, ಬೆಳ್ಳಿ ಕಾರು ಮತ್ತು ಸರಾಸರಿ ಅಧಿಕಾರಿ

ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ ಹಿರಿಯ ಅಧಿಕಾರಿಯ ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಎಷ್ಟು ಜಾಗವಿರಬೇಕು ಎಂಬುದು ರಾಷ್ಟ್ರದ ಮುಂದಿರುವ ಪ್ರಶ್ನೆಗಳಲ್ಲಿ ಒಂದು. ಅದನ್ನು ನೋಡಿಕೊಳ್ಳಲೆಂದೇ ದೆಹಲಿಯ ಕರೋಲ್ ಬಾಗ್ ಪಕ್ಕದಲ್ಲಿ ಆಸನ ಮತ್ತು ಅವಕಾಶ ನಿರ್ದೇಶನಾಲಯವಿದೆ. ನಾಲ್ಕು ಮಹಡಿ, ಇನ್ನೂರು ಸಿಬ್ಬಂದಿ. ಅವರೆಲ್ಲರಿಗೂ ಸಾಕಾಗುವಷ್ಟು ಕುರ್ಚಿಗಳಿಲ್ಲ, ಆ ಮಾತು ಬೇರೆ.

ಇಲ್ಲಿನ ಸೆಕ್ಷನ್ ಆಫೀಸರ್ ದಕ್ಷಿಣಾಮೂರ್ತಿಯವರಿಗೆ ಹದಿನೆಂಟು ವರ್ಷ ಅರ್ಜಿ ಹಾಕಿದ ಮೇಲೆ ಮೈಸೂರಿಗೆ ವರ್ಗವಾಗಿತ್ತು. ರೋಹಿಣಿ ಬಡಾವಣೆಯ ಮನೆಯಲ್ಲಿ ಹೆಂಡತಿ ವಿಜಯಮ್ಮ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ, ಒಂದು ಕುಕ್ಕರ್, ಒಂದು ಬಾಣಲೆಯಲ್ಲಿ ಸಂಸಾರ ನಡೆಸುತ್ತಿದ್ದರು. ಇನ್ನೊಂದು ದೆಹಲಿ ಚಳಿಯನ್ನು ತನ್ನ ಮಂಡಿ ತಡೆಯುವುದಿಲ್ಲ ಎಂದು ಆಕೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಬಿಡುಗಡೆ ಆದೇಶಕ್ಕೆ ಒಂದೇ ಒಂದು ಸಹಿ ಬಾಕಿ.

ಸರಿಯಾಗಿ ಆ ಹೊತ್ತಿಗೇ ಎರಡು ಕಾರು ಬಂದವು, ಒಂದು ಬಿಳಿ, ಇನ್ನೊಂದು ಬೆಳ್ಳಿ ಬಣ್ಣದ್ದು. ಒಳಗಿನ ಜಾಗ, ಸೀಟಿನ ಸುಖ ಎರಡನ್ನೂ ಹೋಲಿಸಿ, ಯಾವುದನ್ನು ಕೊಳ್ಳಬಹುದೆಂದು ವರದಿ ಕೊಡಬೇಕಿತ್ತು. ಕೂತು ನೋಡುವವರು 'ಸರಾಸರಿ ಅಧಿಕಾರಿ'ಯಾಗಿರತಕ್ಕದ್ದು ಎಂದು ನಿಯಮ. ಇನ್ನೂರು ಜನರ ಎತ್ತರ, ತೂಕ, ಸೊಂಟದ ಸುತ್ತಳತೆ ತೆಗೆದು ಲೆಕ್ಕ ಹಾಕಿದರೆ, ಪಾಪ, ದಕ್ಷಿಣಾಮೂರ್ತಿಯವರೇ ಅಚ್ಚುಕಟ್ಟಾಗಿ ಸಿಕ್ಕಿಬಿದ್ದರು.

"ಎರಡು ದಿನದ ಕೆಲಸ ಮೂರ್ತಿಯವರೇ. ಯಾವುದು ಆರಾಮ ಹೇಳಿ. ನಾನು ಸಹಿ ಹಾಕ್ತೀನಿ, ನೀವು ಮೈಸೂರಿಗೆ ಚಲೋ," ಎಂದರು ನಿರ್ದೇಶಕ ಏಕನಾಥರು. ಅವರು ಬೀದರಿನವರು. ನಮ್ಮ ಕಡೆಯವರಿಗೆ ಕನ್ನಡದಲ್ಲೇ ಕಷ್ಟ ಕೊಡುವಷ್ಟು ಭಾಷಾಭಿಮಾನಿ.

ದಕ್ಷಿಣಾಮೂರ್ತಿ ಬಿಳಿ ಕಾರಿನಲ್ಲಿ ಕೂತರು.

"ಹೇಗಿದೆ?"

"ಪರವಾಗಿಲ್ಲ ಸರ್."

ಬೆಳ್ಳಿ ಕಾರಿನಲ್ಲಿ ಕೂತರು.

"ಇದು?"

"ಇದೂ ಪರವಾಗಿಲ್ಲ ಸರ್."

ಟೇಪು ಹಿಡಿದರೂ ಅಷ್ಟೇ. ಟೇಪು ಹತ್ತಿರ ಬಂದ ಕೂಡಲೇ ಈ ಮನುಷ್ಯ ಮರ್ಯಾದೆಗೆ ಕಾಲು ಒಳಗೆಳೆದುಕೊಂಡುಬಿಡುತ್ತಿದ್ದರು. ಎರಡರಲ್ಲೂ ಮೊಣಕಾಲ ಮುಂದೆ ಒಂಬತ್ತು ಇಂಚು. ಅಕ್ಕಪಕ್ಕ ಇಬ್ಬರು ಜವಾನರನ್ನು ತುರುಕಿದಾಗ ಇವರು ಅರ್ಧ ಸೀಟಿಗೆ ಸರಿದು, "ಇನ್ನೊಬ್ಬರು ಬೇಕಾದ್ರೂ ಬರ್ಲಿ, ಅಡ್ಜಸ್ಟ್ ಮಾಡ್ಕೋಬಹುದು," ಎಂದರು. ಹೀಗೆ ಎರಡೂ ಕಾರಿನಲ್ಲಿ ಹಿಂದೆ ನಾಲ್ವರು ಆರಾಮವಾಗಿ ಕೂರಬಹುದೆಂದು ದಾಖಲಾಯಿತು. ಫಲಿತಾಂಶ ಸಮವಾದರೆ ವ್ಯತ್ಯಾಸ ಕಾಣುವವರೆಗೂ ಪರೀಕ್ಷೆ ಮುಂದುವರಿಸತಕ್ಕದ್ದು ಎಂಬ ಇನ್ನೊಂದು ನಿಯಮ ಆಗ ಹೊರಬಂತು. ಇಪ್ಪತ್ತಾರು ದಿನ ಕೂತರು.

"ರೀ, ಮದುವೆ ಮನೇಲಿ ಬಡಿಸೋರಿಗೆ ಸಾಕು ಅನ್ನೋಕೂ ಬಾಯಿ ಬರಲ್ಲ ನಿಮಗೆ," ಎಂದು ವಿಜಯಮ್ಮ ಸಿಡಿದರು. "ನಿಮ್ಮ ಸಂಕೋಚಕ್ಕಿಷ್ಟು ಬೆಂಕಿ ಹಾಕ! ನಾಳೆ ಹೋಗಿ ಬಿಳಿ ಕಾರಲ್ಲಿ ನಡು ಮುರಿಯುತ್ತೆ ಅನ್ನಿ."

"ಪಪ್ಪಾ, ಸಿಂಪಲ್ ಹೈ," ಎಂದಳು ಮಗಳು ತನ್ವಿ. "ಒಂದು ಖರಾಬ್ ಇದೆ ಅಂತ ಹೇಳಿ, ಬಸ್, ಅಷ್ಟೇ."

ದಕ್ಷಿಣಾಮೂರ್ತಿ ಕನ್ನಡಿಯ ಮುಂದೆ ಹನ್ನೊಂದು ಸಲ ಅಭ್ಯಾಸ ಮಾಡಿದರು. ಮರುದಿನ ಬೆವರುತ್ತಾ, "ಸರ್, ತಪ್ಪು ತಿಳೀಬೇಡಿ... ಬಿಳಿ ಕಾರಲ್ಲಿ ನಡು ನೋಯುತ್ತೆ," ಎಂದೇಬಿಟ್ಟರು.

"ಅಚ್ಛಾ!" ಏಕನಾಥರಿಗೆ ಖುಷಿಯೋ ಖುಷಿ. ಫೈಲು ಮೇಲಕ್ಕೆ ಹೋಯಿತು. ಒಂಬತ್ತು ದಿನದ ಮೇಲೆ ಕೆಳಗಿಳಿದು ಬಂದ ಆದೇಶ ಹೀಗಿತ್ತು:

"ಇಪ್ಪತ್ತಾರು ದಿನ ನೋಯದ ನಡು ಇಪ್ಪತ್ತೇಳನೆಯ ದಿನ ನೊಂದಿರುವುದು ಗಮನಕ್ಕೆ ಬಂದಿದೆ. ದೋಷ ಸೀಟಿನದೋ ನಡುವಿನದೋ ಎಂಬುದು ಖಚಿತವಾಗುವವರೆಗೆ ಸದರಿ ಅಧಿಕಾರಿಯು ಕಚೇರಿ ವೇಳೆಯಲ್ಲಿ ಬಿಳಿ ಕಾರಿನಲ್ಲೇ ಆಸೀನರಾಗಿರತಕ್ಕದ್ದು. ನೋವು ನಿಂತರೂ ಏಳತಕ್ಕದ್ದಲ್ಲ."

ಅಂದಿನಿಂದ ಅವರ ಸೆಕ್ಷನ್ ಕಾರಿಗೆ ಬಂತು. ಫೈಲುಗಳು ಎಡಗಡೆಯ ಕಿಟಕಿಯಿಂದ ಬಂದು ಬಲಗಡೆಯಿಂದ ಹೋಗುತ್ತಿದ್ದವು. ಹೆಸರಿನ ಫಲಕ ಡ್ಯಾಶ್‌ಬೋರ್ಡಿನ ಮೇಲೆ, ಹಾಜರಿ ಯಂತ್ರ ಬಾಗಿಲಿನ ಕನ್ನಡಿಗೆ ಕಟ್ಟಿತ್ತು. ಹಿಂದೆಂದೂ ಆಗದಷ್ಟು ಚುರುಕಾಗಿ ಕೆಲಸ ಸಾಗುತ್ತಿದೆ ಎಂದು ಎಲ್ಲರೂ ಹೊಗಳಿದರು.

ಒಂದು ಮಧ್ಯಾಹ್ನ ಏಕನಾಥರು ಹಾದುಹೋಗುವಾಗ ದಕ್ಷಿಣಾಮೂರ್ತಿ ಕಿಟಕಿಯ ಗಾಜು ಇಳಿಸಿ, "ಸರ್, ಮೈಸೂರು?" ಎಂದು ಕೇಳಿದರು.

"ಮೈಸೂರು ಎಲ್ಲಿ ಓಡಿಹೋಗುತ್ತೆ ಮಾರಾಯರೇ? ಹುದ್ದೆ ಅಲ್ಲಿದೆ, ನಡು ಇಲ್ಲಿದೆ. ನಡು ಬಿಟ್ಟು ಕಳಿಸೋಕಾಗುತ್ತಾ?"

"ಮನೆಯವಳ ಮಂಡಿ, ಸರ್..."

"ಮಂಡಿಗೆ ಬೇರೆ ಸಮಿತಿ ಇದೆ."

ದಕ್ಷಿಣಾಮೂರ್ತಿ ಗಾಜು ಏರಿಸಿ ಅತ್ತರು. ಐವತ್ತೆರಡು ವರ್ಷದ ಮನುಷ್ಯ ಮಗುವಿನ ಹಾಗೆ ಬಿಕ್ಕಿದರು. ಹೊರಗೆ ಏನೂ ಕೇಳಿಸಲಿಲ್ಲ. ಬಿಳಿ ಕಾರು ಶಬ್ದವನ್ನು ಚೆನ್ನಾಗಿ ತಡೆಯುತ್ತದೆಂದು ಟಿಪ್ಪಣಿ ಬರೆಯಲಾಯಿತು.

ಆದರೆ ಸರ್ಕಾರಕ್ಕೆ ಹೃದಯವಿಲ್ಲವೆಂದು ಯಾರೂ ಅನ್ನಬಾರದು. ಡಿಸೆಂಬರಿನ ಚಳಿಯಲ್ಲಿ ಹೊಸ ಆದೇಶ ಬಂತು: "ಹದಿನೆಂಟು ವರ್ಷದ ಕೋರಿಕೆಯನ್ನು ಮಾನವೀಯ ನೆಲೆಯಲ್ಲಿ ಪರಿಗಣಿಸಿ, ಸದರಿಯವರನ್ನು ಬಿಳಿ ಕಾರಿನಿಂದ ಬೆಳ್ಳಿ ಕಾರಿಗೆ ವರ್ಗಾಯಿಸಿದೆ. ಹೊಸ ಸ್ಥಳದಲ್ಲಿ ಹಾಜರಾಗಲು ಆರು ದಿನಗಳ ಕಾಲಾವಕಾಶ ನೀಡಿದೆ."

ಎರಡು ಕಾರುಗಳ ನಡುವಿನ ದೂರ ಹನ್ನೊಂದು ಅಡಿ. ಬೀಳ್ಕೊಡುಗೆ ಸಮಾರಂಭದಲ್ಲಿ ಸಮೋಸ ಹಂಚಿದರು, ಹಾರ ಹಾಕಿದರು. ಇವರ ಅಗಲಿಕೆ ಬಿಳಿ ಕಾರಿಗೆ ತುಂಬಲಾರದ ನಷ್ಟ ಎಂದು ಏಕನಾಥರು ಗದ್ಗದಿತರಾದರು. ದಕ್ಷಿಣಾಮೂರ್ತಿ ಎಲ್ಲರಿಗೂ ಕೈಮುಗಿದು, ಹಾರ ಹಾಕಿಕೊಂಡೇ ನಡೆದು ಹೋಗಿ ಬೆಳ್ಳಿ ಕಾರಿನ ಬಾಗಿಲು ಎಳೆದುಕೊಂಡರು.

ಆ ಸಂಜೆ ವಿಜಯಮ್ಮ ಮೈಸೂರಿನ ಅಕ್ಕನಿಗೆ ಫೋನ್ ಮಾಡಿದರು.

"ಹೂಂ ಅಕ್ಕಾ, ಕೊನೆಗೂ ಟ್ರಾನ್ಸ್‌ಫರ್ ಆಯ್ತು. ಇಲ್ಲ, ಇಲ್ಲೇ ಹತ್ತಿರ. ಮನೆ ಬದಲಾಯಿಸೋ ಹಾಗೇನೂ ಇಲ್ಲ. ಬಿಸಿಲು ಬೀಳುತ್ತಂತೆ, ಮೊದಲಿನ ಜಾಗಕ್ಕಿಂತ ಎಷ್ಟೋ ವಾಸಿ ಅಂತೆ."