ಅತ್ತೆ, ಬೆಕ್ಕು ಮತ್ತು ಸ್ಟೀಲ್ ಡಬ್ಬಿ

ನನ್ನ ಅತ್ತೆಯವರಷ್ಟು ಮಾತುಗಾರ್ತಿ ಇಡೀ ದುಂಡಸಿಯಲ್ಲಿ ಇನ್ನೊಬ್ಬರಿಲ್ಲ. ಎಮ್ಮೆಯ ಜೊತೆ ಮಾತಾಡುತ್ತಾರೆ, ಹೊಗೆ ಕಾರುವ ಒಲೆಯನ್ನು ಬೈಯುತ್ತಾರೆ, ಹಿತ್ತಲಿನ ನುಗ್ಗೆಗಿಡಕ್ಕೆ ಬುದ್ಧಿ ಹೇಳುತ್ತಾರೆ. ಅವರು ಮಾತಾಡದೆ ಬಿಟ್ಟಿರುವುದು ಭೂಮಿಯ ಮೇಲೆ ಒಬ್ಬನೇ ಒಬ್ಬನ ಜೊತೆ. ಆ ಭಾಗ್ಯವಂತ ನಾನು!

ಜಗಳವೇನೂ ಇಲ್ಲ, ಗಾಬರಿಯಾಗಬೇಡಿ. ಇದು ಮರ್ಯಾದೆ. ಅವರ ಲೆಕ್ಕದಲ್ಲಿ ಅಳಿಯನ ಮುಖ ನೋಡಿ ಮಾತಾಡಬಾರದು, ಅಳಿಯನ ಎದುರು ಕೂರಬಾರದು, ಅಳಿಯ ಏನು ಮಾಡಿದರೂ ಚೆನ್ನಾಗಿಲ್ಲ ಅನ್ನಬಾರದು. ಈಗಿನ ಕಾಲದಲ್ಲಿ ಇದನ್ನೆಲ್ಲ ಯಾರು ಪಾಲಿಸುತ್ತಾರೆ ಹೇಳಿ? ಅವರದೇ ಓಣಿಯ ಬೇರೆ ಅತ್ತೆಯಂದಿರು ಅಳಿಯಂದಿರ ಬೈಕಿನ ಹಿಂದೆ ಕುಳಿತು ಸಂತೆಗೆ ಹೋಗುತ್ತಾರೆ. ನಮ್ಮವರು ಮಾತ್ರ ನನ್ನನ್ನು ಕಂಡ ಕೂಡಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬೆಕ್ಕನ್ನು ಹುಡುಕುತ್ತಾರೆ. ಬೆಕ್ಕು ಯಾಕೆ? ಮಾತಾಡಲಿಕ್ಕೆ!

"ಏ ಬೆಕ್ಕ, ಅಳ್ಯಾರು ಚಾ ಕುಡಿತಾರೇನು ಕೇಳ."

ನಾನೂ ಬಿಡುವವನಲ್ಲ. "ಕುಡಿತಾರಂತ. ಸಕ್ಕರಿ ಕಡಿಮಿ ಹಾಕಬೇಕಂತ ಹೇಳ," ಎಂದು ಬೆಕ್ಕಿಗೇ ಹೇಳುತ್ತೇನೆ. ಬೆಕ್ಕು ಇಬ್ಬರ ಮುಖವನ್ನೂ ನೋಡಿ ಆಕಳಿಸುತ್ತದೆ. ನಮ್ಮ ಮದುವೆಯ ಹೊಸದರಲ್ಲಿದ್ದ ಬೆಕ್ಕು ಈಗಿಲ್ಲ. ಈಗಿನದು ಅದರ ಮೊಮ್ಮಗಳೋ ಮರಿಮಗಳೋ ಇರಬೇಕು. ಕೆಲಸ ಮಾತ್ರ ವಂಶಪಾರಂಪರ್ಯವಾಗಿ ನಡೆದುಕೊಂಡು ಬಂದಿದೆ.

ಫೋನಿನಲ್ಲಿ ಬೆಕ್ಕು ಸಿಗುವುದಿಲ್ಲವಲ್ಲ, ಆಗೇನು ಮಾಡುತ್ತಾರೆ? ಹೆಂಡತಿಯ ಮೊಬೈಲನ್ನು ನಾನು ಎತ್ತಿಕೊಂಡು "ಹಲೋ" ಅಂದರೆ ಆ ಕಡೆಯಿಂದ ಗಡಿಬಿಡಿಯ ದನಿ: "ರಾಂಗ್ ನಂಬರ್ ರೀ!" ಫೋನು ಮಾಡಿದವರೇ ರಾಂಗ್ ನಂಬರ್ ಎಂದು ಹೇಳಿ ಇಟ್ಟುಬಿಡುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದೆ, ನಿಜ. ಆದರೆ ಒಳಗೊಳಗೇ ಒಂದು ಆಸೆಯೂ ಇತ್ತು. ನನ್ನವ್ವ ನನಗೆ ಮೀಸೆ ಚಿಗುರುವ ಮೊದಲೇ ತೀರಿಹೋದಳು. ಹೆಂಡತಿಯ ಅವ್ವನ ಬಾಯಿಂದ, ನಡುವೆ ಬೆಕ್ಕು ಇಲ್ಲದೆ, ನನಗೇ ಅಂತ ಹೇಳಿದ ಒಂದು ಮಾತು ಕೇಳಬೇಕು ಅನ್ನುವ ಆಸೆ. ಒಳ್ಳೆಯದನ್ನೇ ಹೇಳಲಿ ಅಂತಲೂ ಇರಲಿಲ್ಲ. ಬೈದರೂ ನಡೆಯುತ್ತಿತ್ತು.

ಇನ್ನು ನನ್ನ ಪರಿಚಯ. ಶಿಗ್ಗಾವಿಯಲ್ಲಿ ನನ್ನದೊಂದು ಮೋಟಾರ್ ರಿಪೇರಿ ಅಂಗಡಿಯಿದೆ. ರೈತರ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಹೊಸ ತಂತಿ ಸುತ್ತಿ ಜೀವ ಕೊಡುತ್ತೇನೆ. ಹೆಂಡತಿ ತನ್ನ ತವರೂರಾದ ದುಂಡಸಿಯ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾಳೆ. ಮಗಳು ಹಾವೇರಿಯ ಹಾಸ್ಟೆಲಿನಲ್ಲಿದ್ದಾಳೆ. ಅವಳು ಎಷ್ಟು ಅದೃಷ್ಟವಂತೆ ಅನ್ನುವುದು ಮುಂದೆ ನಿಮಗೇ ತಿಳಿಯುತ್ತದೆ.

ಒಂದು ದಿನ ಹೆಂಡತಿ, "ಎರಡೂ ಹೊತ್ತು ಒಲಿ ಮುಂದ ನಿಂದ್ರಾಕ ನನ್ನ ಕೈಲೆ ಆಗಂಗಿಲ್ರಿ. ಮುಂಜಾನಿ ಅಡಿಗಿ ನೀವ ಮಾಡ್ರಿ," ಎಂದಳು.

"ಅದೇನ ಮಹಾ? ಕೂದಲಿನಂಥಾ ತಂತಿ ಸುತ್ತೋ ಕೈ ಇದು. ಬದನಿಕಾಯಿಗೆ ಅಂಜತೈತೇನು?"

ಕೈ ಅಂಜಲಿಲ್ಲ. ಅಂಜಿದ್ದು ಬದನೆಕಾಯಿ.

ಮೊಬೈಲನ್ನು ಹಿಟ್ಟಿನ ಡಬ್ಬಕ್ಕೆ ಆನಿಸಿಟ್ಟು, ಅದರೊಳಗಿನ ಹೆಣ್ಣುಮಗಳು ಹೇಳಿದಂತೆ ಶುರು ಮಾಡಿದೆ. ಎಲ್ಲ ಸರಿ, "ಉಪ್ಪು ರುಚಿಗೆ ತಕ್ಕಷ್ಟು" ಎಂದಾಗ ನನ್ನ ಕೈ ನಿಂತುಹೋಯಿತು. ತಕ್ಕಷ್ಟು ಅಂದರೆ ಎಷ್ಟು? ಯಾರ ರುಚಿಗೆ? ನಮ್ಮ ಕೆಲಸದಲ್ಲಿ ಹೀಗೆಲ್ಲ ನಡೆಯುವುದಿಲ್ಲ. ಮೋಟಾರಿಗೆ ತಕ್ಕಷ್ಟು ತಂತಿ ಸುತ್ತಿ ಅಂದರೆ ರೈತ ನನ್ನನ್ನು ಬಾವಿಗೆ ಇಳಿಸಿಬಿಡುತ್ತಾನೆ! ಯೋಚನೆ ಮಾಡುತ್ತ ನಿಂತಿರುವಾಗ ಒಗ್ಗರಣೆ ಕಪ್ಪಾಯಿತು, ಬದನೆಕಾಯಿ ತಳ ಹಿಡಿಯಿತು, ಮೊಬೈಲಿನ ಹೆಣ್ಣುಮಗಳು ನಗುನಗುತ್ತ ಕೊತ್ತಂಬರಿ ಉದುರಿಸಿ ಹೊರಟುಹೋದಳು. ಸುಟ್ಟ ಮೋಟಾರು ಸರಿಮಾಡುವವನಿಗೆ ಸುಟ್ಟ ಬದನೆಕಾಯಿಯನ್ನು ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

ಹೆಂಡತಿ ಟೀಚರಲ್ಲವೇ, ಒಂದು ತುತ್ತು ಬಾಯಿಗಿಟ್ಟು ಅಲ್ಲೇ ಮಾರ್ಕ್ಸ್ ಹಾಕಿದಳು. "ಹತ್ತಕ್ಕ ಮೂರು."

"ಅಷ್ಟರ ಬಂದ್ವಲ್ಲ!"

"ಅದ್ರಾಗ ಎರಡು ಗ್ರೇಸ್ ಅದಾವ್ರಿ."

ದಿನಕ್ಕೊಂದು ಅಡುಗೆ ಮಾಡಿ ನೋಡಿದೆ. ಜುಣಕ ಮಾಡಿದೆ, ನಾಲ್ಕು. ಹೆಸರುಕಾಳು ಮಾಡಿದೆ, ಮೂರೂವರೆ. ಈ ಅರ್ಧ ಯಾತಕ್ಕೆ ಎಂದು ಕೇಳಿದರೆ, "ಪಾತ್ರಿ ಚಂದ ಐತಿ," ಎಂದಳು. ಇಂಥ ಮೌಲ್ಯಮಾಪಕಿಯಿಂದ ನನಗೆ ನ್ಯಾಯ ಸಿಗುವುದಿಲ್ಲವೆಂದು ಖಾತ್ರಿಯಾಯಿತು. ಮರುಮೌಲ್ಯಮಾಪನಕ್ಕೆ ಹಾಕಲು ತೀರ್ಮಾನಿಸಿದೆ. ಮೇಲಿನ ಕೋರ್ಟು ಎಲ್ಲಿದೆ? ದುಂಡಸಿಯಲ್ಲಿ! ಎರಡು ಅಂತಸ್ತಿನ ಸ್ಟೀಲ್ ಡಬ್ಬಿಯನ್ನು ತುಂಬಿ ಹೆಂಡತಿಯ ಕೈಗಿಟ್ಟೆ. "ನಿಮ್ಮವ್ವಗ ಒಯ್ದು ಕೊಡು. ಏನಂತಾರ ಕೇಳಕೊಂಡು ಬಾ."

ಸಂಜೆ ಬಸ್ಸಿನಿಂದ ಇಳಿಯುವ ಮೊದಲೇ ಕೇಳಿದೆ. "ಏನಂದ್ರು?"

"ಭಾಳ ಛಲೋ ಆಗೇತಿ ಅಂದ್ಲು."

"ಪೂರ್ತಿ ತಿಂದ್ರೇನು?"

"ಡಬ್ಬಿ ತಗಿಯೂಕಿಂತ ಮೊದಲ ಅಂದ್ಲು."

ಅಳಿಯ ಮಾಡಿದ್ದನ್ನು ಚೆನ್ನಾಗಿಲ್ಲ ಅನ್ನಬಾರದಲ್ಲ! ಹಾಗಾದರೆ ಅವರ ಬಾಯಿಂದ ನಿಜ ಹೊರಡುವುದಿಲ್ಲ. ನಿರಾಸೆಯಿಂದ ಡಬ್ಬಿಯ ಕೊಂಡಿ ತೆಗೆದೆ. ಒಳಗೆ ಬಾಯಿತನಕ ಸಕ್ಕರೆ!

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಯಾರಾದರೂ ಏನಾದರೂ ಹಾಕಿ ಕಳಿಸಿದ ಪಾತ್ರೆಯನ್ನು ಖಾಲಿ ತಿರುಗಿ ಕೊಡುವುದಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಅಕ್ಕಿಯನ್ನಾದರೂ ಹಾಕುತ್ತಾರೆ. ಆದರೆ ಸಕ್ಕರೆಯನ್ನು ಕಂಡಾಗ ನನ್ನ ತಲೆಯಲ್ಲಿ ದೀಪ ಹತ್ತಿತು. ಬಾಯಿಂದ ಹೇಳಲಾರದ್ದನ್ನು ಅತ್ತೆಯವರು ಡಬ್ಬಿಯಿಂದ ಹೇಳುತ್ತಿದ್ದಾರೆ! ಮೊದಲು ಬೆಕ್ಕು, ಈಗ ಡಬ್ಬಿ.

ಮರುದಿನ ಜುಣಕ ಕಳಿಸಿದೆ, ಶೇಂಗಾ ಬಂತು. ಅದರ ಮರುದಿನ ಪುಂಡಿಪಲ್ಯ ಕಳಿಸಿದೆ, ಓಂಕಾಳು ಬಂತು, ಜೊತೆಗೆ ಸವಣೂರಿನ ವೀಳ್ಯದೆಲೆ. ಹೊಟ್ಟೆ ಹಿಡಿದುಕೊಂಡವರಿಗೆ ಕೊಡುವ ಓಂಕಾಳು! ಇನ್ನೇನು ಸಂಶಯ? ಸಕ್ಕರೆ ಬಂದರೆ ಫಸ್ಟ್ ಕ್ಲಾಸ್, ಶೇಂಗಾ ಬಂದರೆ ಪಾಸು, ಓಂಕಾಳು ಬಂದರೆ ಡುಮ್ಕಿ. ಅಂಗಡಿಗೆ ಬಂದ ರೈತರಿಗೆಲ್ಲ ಇದನ್ನು ವಿವರಿಸಿದೆ. ಅವರು ತಮ್ಮ ಮೋಟಾರು ಯಾವಾಗ ಕೊಡುತ್ತೀರಿ ಎಂದು ಕೇಳಿದರು.

ಹೆಂಡತಿ ಮಾತ್ರ ಒಪ್ಪಲಿಲ್ಲ. "ನಿಮಗೆಲ್ಲೋ ಹುಚ್ಚ ಹಿಡದೈತಿ. ನಮ್ಮವ್ವ ಕೈಗೆ ಸಿಕ್ಕಿದ್ದು ತುಂಬತಾಳ."

"ಹಂಗಂದ್ರ ಪರೀಕ್ಷಾ ಮಾಡೂಣು. ನಾಳೆ ನಿನ್ನ ಮುದ್ದಿಪಲ್ಯಾ ನಂದು ಅಂತ ಹೇಳಿ ಒಯ್ಯಿ."

ಅವಳ ಕೈಯ ಮುದ್ದಿಪಲ್ಯವೆಂದರೆ ನೆಂಟರು ಕೇಳಿ ಹಾಕಿಸಿಕೊಳ್ಳುತ್ತಾರೆ. ಧೈರ್ಯವಾಗಿ ಒಯ್ದಳು. ಸಂಜೆ ಡಬ್ಬಿ ತೆಗೆದರೆ, ಓಂಕಾಳು! ನಾನು ಅಡುಗೆಮನೆಯಲ್ಲಿ ಕುಣಿದೇ ಬಿಟ್ಟೆ. "ನೀನೂ ಡುಮ್ಕಿ! ನಿಮ್ಮವ್ವನ ಕೈಯಾಗ ನೀನೂ ಡುಮ್ಕಿ!" ಆ ಕುಣಿತದ ಫಲವಾಗಿ ವಾರವಿಡೀ ಎರಡೂ ಹೊತ್ತಿನ ಅಡುಗೆ ನನ್ನದೇ ಆಯಿತು. ನನ್ನ ಅಡುಗೆಯನ್ನು ಎರಡೂ ಹೊತ್ತು ಉಣ್ಣುವುದೆಂದರೇನು ಅನ್ನುವುದು ಆಗ ನನಗೆ ಅರ್ಥವಾಯಿತು. ಓಂಕಾಳು ಹೇಗೂ ಮನೆಯಲ್ಲಿ ಬೇಕಾದಷ್ಟಿತ್ತು.

ಹೀಗೆ ನಡೆದಿರುವಾಗ ಕಳೆದ ಚಳಿಗಾಲದಲ್ಲಿ ಅತ್ತೆಯವರು ಹಿತ್ತಲಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. ಸೊಸೆ ಬಾಣಂತನಕ್ಕೆಂದು ಹಿರೇಕೆರೂರಿನ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದ ಮಗ, ಅಂದರೆ ನನ್ನ ಭಾಮೈದ, ಹೊಲದಲ್ಲಿ ಎತ್ತಿನಂತೆ ದುಡಿಯುವವನು, ಒಲೆಯ ಮುಂದೆ ನೀರು ಕಾಯಿಸಲೂ ಬಾರದವನು. ಇಬ್ಬರ ಊಟಕ್ಕೆ ದಾರಿ? ನನ್ನ ಡಬ್ಬಿ! ಇಷ್ಟು ದಿನ ರುಚಿ ನೋಡಲು ಹೋಗುತ್ತಿದ್ದದ್ದು ಈಗ ಹೊಟ್ಟೆಗೇ ಹೋಗತೊಡಗಿತು. ನನಗೆ ಹೆದರಿಕೆಯಾಯಿತು. ಬೆಳಿಗ್ಗೆ ಎದ್ದು ರೊಟ್ಟಿಯನ್ನು ಎಂದಿಗಿಂತ ತೆಳ್ಳಗೆ ಬಡಿಯತೊಡಗಿದೆ. ಮೊದಲ ಸಲ ಮಾರ್ಕ್ಸಿನ ಚಿಂತೆ ಬಿಟ್ಟು, ಪಾಪ, ಆ ಮುದುಕಿಗೆ ಅಗಿಯಲು ಆಗುತ್ತದೋ ಇಲ್ಲವೋ ಎಂದು ಯೋಚಿಸಿದೆ.

ಡಬ್ಬಿ ಆಗಲೂ ತುಂಬಿಯೇ ಬರುತ್ತಿತ್ತು. ಒಂದು ಸಂಜೆ ಹೆಂಡತಿ ಸಿಟ್ಟಾದಳು. "ಕಾಲ ಎಳಕೋತ ಒಳಗ ಹೋಗಿ ತುಂಬತಾಳ್ರಿ. ಬ್ಯಾಡ ಅಂದ್ರ ಕೇಳವಲ್ಲಳು. ಅಳ್ಯಾರ ಡಬ್ಬಿ ಖಾಲಿ ಹ್ಯಾಂಗ ಕಳಸ್ಲಿ ಅಂತಾಳ."

ಆ ದಿನ ಬಂದ ಸಕ್ಕರೆ ನನಗೆ ಸಿಹಿಯೆನಿಸಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಮತ್ತೆ ಬದನೆಕಾಯಿ ಮಾಡಿ ಕಳಿಸಿದೆ. ಸಂಜೆ ಹೆಂಡತಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಾಗಿನ ಸದ್ದೇ ಬೇರೆಯಾಗಿತ್ತು. ಕೊಂಡಿ ತೆಗೆದೆ. ಖಾಲಿ! ಎರಡೂ ಅಂತಸ್ತು ಖಾಲಿ. ತೊಳೆದು, ಒರೆಸಿ, ಮುಚ್ಚಿ ಕೊಟ್ಟಿದ್ದಾರೆ. ಒಂದು ಕಾಳಿಲ್ಲ, ಒಂದು ಎಲೆಯಿಲ್ಲ.

"ಇದೇನಿದು?"

ಹೆಂಡತಿಯ ಮುಖವೂ ಇಳಿಯಿತು. "ಬಸ್ಸಿಗೆ ಹೊತ್ತಾಗಿತ್ತು, ನೋಡಲೇ ಇಲ್ರಿ. ನಮ್ಮವ್ವ ಹಿಂಗ ಖಾಲಿ ಕೊಟ್ಟಿದ್ದು ನಾ ಒಮ್ಮೆನೂ ಕಂಡಿಲ್ಲ. ಏನ ಹಾಕಿದ್ರಿ ಬದನಿಕಾಯಿಗೆ?"

ಓಂಕಾಳಿಗಿಂತ ಕೆಳಗೆ ಏನೂ ಇಲ್ಲವೆಂದುಕೊಂಡಿದ್ದೆ. ಇತ್ತು! ಮರುದಿನ ಅಂಗಡಿಗೆ ಬೀಗ ಹಾಕಿ, ಡಬ್ಬಿ ಹಿಡಿದುಕೊಂಡು, ಹೆಂಡತಿಯ ಜೊತೆ ನಾನೂ ಬಸ್ಸು ಹತ್ತಿದೆ. ಅವಳು ಶಾಲೆಗೆ ಹೋದಳು, ನಾನು ಅತ್ತೆಯವರ ಮನೆಗೆ. ಅವರು ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದರು. ನನ್ನನ್ನು ಕಂಡು ಸೆರಗಿಗೆ ಕೈ ಹಾಕಿದರು, ಆದರೆ ಎಳೆದುಕೊಳ್ಳಲಿಲ್ಲ. ಬೆಕ್ಕು ಪಕ್ಕದಲ್ಲೇ ಇತ್ತು. ನಾನು ರೂಢಿಯಂತೆ ಬೆಕ್ಕನ್ನೇ ನೋಡಿ ಕೇಳಿದೆ.

"ಏ ಬೆಕ್ಕ, ಅತ್ತಿಯವರಿಗೆ ನಿನ್ನಿ ಪಲ್ಯಾ ಸೇರಲಿಲ್ಲೇನು ಕೇಳ."

ಅತ್ತೆಯವರು ಬೆಕ್ಕನ್ನು ಕೈಯಿಂದ ಆಚೆ ದೂಡಿದರು. ನನ್ನ ಮುಖವನ್ನು ನೆಟ್ಟಗೆ ನೋಡಿದರು.

"ಅದಕ್ಕೇನ ಕೇಳ್ತಿ? ಉಂಡಾಕಿ ನಾನು. ಬದನಿಕಾಯಿ ಒಳಗ ಹಸೀ ಇತ್ತು. ಉಪ್ಪು ಹಾಕಾಕ ಮರ್ತಿದ್ದಿ. ಒಲಿ ಉರಿ ಸಣ್ಣ ಮಾಡಬೇಕಂತ ನಿಂಗ ಯಾರೂ ಹೇಳಿಲ್ಲೇನೋ?"

ನಾನು ಡಬ್ಬಿಯನ್ನು ಮುಂದೆ ಹಿಡಿದೆ. "ಮತ್ತ, ಡಬ್ಬಿ ಖಾಲಿ ಬಂದಿತ್ತು..."

"ಖಾಲಿ ಬರಲಾರದ ಏನು? ತುಂಬಿ ಕೊಡೂದು ಬೀಗರ ಡಬ್ಬಿ. ದಿನಾ ಉಣ್ಣಾಕ ಹಾಕೋ ಮಗನ ಡಬ್ಬಿ ತೊಳದು ಕೊಡ್ತಾರ, ಅಷ್ಟ. ಇಷ್ಟ ದಿನ ತುಂಬಿದ್ದ ನಂದ ತಪ್ಪು."

ಧೈರ್ಯ ಮಾಡಿ ಓಂಕಾಳಿನ ವಿಷಯವನ್ನೂ ಕೇಳಿದೆ. "ಆವಾಗ ಮನ್ಯಾಗ ಅದ ಇತ್ತು," ಎಂದರು. ಸಕ್ಕರೆ, ಶೇಂಗಾ, ಫಸ್ಟ್ ಕ್ಲಾಸ್, ಡುಮ್ಕಿ, ಎಲ್ಲ ನಾನೇ ಕಟ್ಟಿದ್ದು! ಮುದ್ದಿಪಲ್ಯಕ್ಕೂ ಅದೇ ಕಾರಣ. ಇದನ್ನು ಹೆಂಡತಿಗೆ ನಾನಿನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

"ಒಳಗ ಬಾ. ಉರಿ ಹ್ಯಾಂಗ ಇಡೂದು ತೋರಸ್ತೇನಿ," ಎಂದು ಕೈ ಚಾಚಿದರು. ಅವರ ಕೈ ಹಿಡಿದು ಎಬ್ಬಿಸಿದೆ. ಮದುವೆಯಾದಾಗಿನಿಂದ ಆ ಮನೆಯಲ್ಲಿ ನನ್ನ ಜಾಗ ಪಡಸಾಲೆಯ ಕುರ್ಚಿ. ಅಡುಗೆಮನೆಯ ಹೊಸ್ತಿಲನ್ನು ಅವತ್ತೇ ಮೊದಲು ದಾಟಿದ್ದು. ಅವರು ಮಣೆಯ ಮೇಲೆ ಕುಳಿತು ಹೇಳಿದರು, ನಾನು ಮಾಡಿದೆ. ನಡುನಡುವೆ "ಏ ಹುಚ್ಚಪ್ಪ, ಅಷ್ಟ್ಯಾಕ ಎಣ್ಣಿ?" ಎಂದು ಬೈದರು. ಉಪ್ಪು ಎಷ್ಟು ಎಂದು ಕೇಳಿದಾಗ ನನ್ನ ಅಂಗೈ ಬಿಡಿಸಿ ತಾವೇ ಅದರಲ್ಲಿ ಉಪ್ಪು ಹಾಕಿ, "ಇಷ್ಟು," ಎಂದರು. ಆಸೆ ತಡೆಯದೆ ಕೊನೆಗೆ, "ಹತ್ತಕ್ಕ ಎಷ್ಟು?" ಎಂದೆ.

"ಮನ್ಯಾಗ ಉಣ್ಣೂದಕ್ಕ ಯಾರರ ಲೆಕ್ಕ ಇಡ್ತಾರೇನು? ತಾಟು ಹಚ್ಚು, ಹಸಿವ್ಯಾಗೇತಿ."

ಸಂಜೆ ಬಸ್ಸಿನಲ್ಲಿ ಹೆಂಡತಿ ಪಕ್ಕದಲ್ಲಿ ಕುಳಿತು ನನ್ನ ತೊಡೆಯ ಮೇಲಿನ ಡಬ್ಬಿಯನ್ನು ಎತ್ತಿ ನೋಡಿದಳು. ಹಗುರವಿತ್ತು. "ಇವತ್ತೂ ಖಾಲಿ? ಏನಂದ್ಲು ನಮ್ಮವ್ವ?"

"ಬೈದ್ರು."

"ಬೆಕ್ಕಿಗೇನು?"

"ಅಲ್ಲ, ನನಗ. ನನಗ ಬೈದ್ರು."

ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಅವಳು ಡಬ್ಬಿಯನ್ನು ತಿರುಗಿ ನನ್ನ ತೊಡೆಯ ಮೇಲಿಟ್ಟಳು. ಶಿಗ್ಗಾವಿ ಬರುವ ತನಕ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಕುಳಿತಿದ್ದೆ.