ಗಡಿಯಲ್ಲಿ ಸಿಕ್ಕಿಬಿದ್ದ ಕೊಸರು

ನಮ್ಮ ಸೋದರಮಾವನಂಥವರು ಊರಿಗೆ ನಾಲ್ಕು ಜನ ಇದ್ದಿದ್ದರೆ ಲೋಕದ ಅಂಕಗಣಿತವೆಲ್ಲ ಎಂದೋ ಬಾಗಿಲು ಹಾಕಿಕೊಂಡು ಮನೆಗೆ ಹೋಗಿರುತ್ತಿತ್ತು! ಅವರ ಲೆಕ್ಕದಲ್ಲಿ ಡಜನ್ ಎಂದರೆ ಹದಿಮೂರು, ನೂರು ಎಂದರೆ ನೂರನಾಲ್ಕು. ಹಾಸನದ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ನಾನು "ಇದೆಂಥ ಲೆಕ್ಕ ಮಾವ?" ಎಂದರೆ, "ಇದು ಲೆಕ್ಕ ಅಲ್ಲ ಕಣೇ, ಕೊಸರು" ಎನ್ನುತ್ತಿದ್ದರು.

ಕೊಸರು ಗೊತ್ತಲ್ಲ? ಸೊಪ್ಪಿನವಳು ಕಟ್ಟು ಕೊಟ್ಟ ಮೇಲೆ ಅದರ ಮೇಲೊಂದು ಹಿಡಿ ಕೊತ್ತಂಬರಿ ಎಸೆಯುತ್ತಾಳಲ್ಲ, ಹೂವಿನವಳು ಮೊಳ ಹಾಕಿ ಮುಗಿದ ಮೇಲೂ ಒಂದು ಗೇಣು ಬಿಟ್ಟು ಕತ್ತರಿಸುತ್ತಾಳಲ್ಲ, ಅದು. ಬೇರೆಯವರಿಗೆ ಅದು ಸಂತೆಯ ಪದ್ಧತಿ. ನಮ್ಮ ಮಾವನಿಗೆ ಮಾತ್ರ ಅದು ಜನ್ಮಕ್ಕೆ ಅಂಟಿದ ವ್ರತ. ಕೊಡುವಾಗಲೂ ಕೊಸರು, ತೆಗೆದುಕೊಳ್ಳುವಾಗಲೂ ಕೊಸರು.

ಮಾವ ಹೊಳೆನರಸೀಪುರದ ಮನೆಯಿಂದ ದಿನಾ ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದರು. ಬಸ್ ಸ್ಟ್ಯಾಂಡ್ ಬಂದರೂ ಇಳಿಯುತ್ತಿರಲಿಲ್ಲ. "ಇಲ್ಲೀತನಕ ಟಿಕೆಟ್ ಆಯ್ತಪ್ಪ, ಸ್ಕೂಲ್ ಗೇಟಿನ ತನಕ ಕೊಸರು" ಎಂದು ಕಂಡಕ್ಟರಿಗೆ ಹೇಳಿ ಸೀಟಿನಲ್ಲೇ ಕೂರುತ್ತಿದ್ದರು. ಶಾಲೆಯಲ್ಲಿ ಗಂಟೆ ಹೊಡೆದ ಮೇಲೂ ಕೊಸರು ಪಾಠ. ಹುಡುಗರು ಬೆನ್ನ ಹಿಂದೆ ಅವರನ್ನು ಏನೆಂದು ಕರೆಯುತ್ತಿದ್ದರು ಅಂತ ನಾನು ಬಿಡಿಸಿ ಹೇಳಬೇಕೆ? ರಿಟೈರಾದ ಮೇಲೂ ಒಂದು ವಾರ ಕೊಸರು ಎಂದು ಹೋಗಿ ಪಾಠ ಮಾಡಿ ಬಂದರು. ಅವರ ಜಾಗಕ್ಕೆ ಬಂದಿದ್ದ ಹೊಸ ಮೇಷ್ಟ್ರು ಪಾಪ, ಆ ವಾರವೆಲ್ಲ ಬಾಗಿಲ ಹೊರಗೆ ನಿಂತು ಕಾದರಂತೆ.

ಇಂಥವರಿಗೆ ದೇವರು ಎಂಥ ಹೆಂಡತಿಯನ್ನು ಕೊಟ್ಟ ನೋಡಿ! ನಮ್ಮ ಅತ್ತೆ ಅರಕಲಗೂಡಿನವರು. ಅವರ ಅಪ್ಪ ಸೊಸೈಟಿಯಲ್ಲಿ ಕಾರ್ಡಿನವರಿಗೆ ಸಕ್ಕರೆ, ಸೀಮೆಎಣ್ಣೆ ಅಳೆದು ಕೊಡುತ್ತಿದ್ದರು. "ಮುಂದೆ ನಿಂತೋರಿಗೆ ಕೊಸರು ಸುರಿದರೆ ಸಾಲಿನ ಕೊನೇಲಿರೋರು ಖಾಲಿ ಚೀಲ ಹಿಡ್ಕೊಂಡು ಹೋಗ್ತಾರೆ" ಎಂಬುದು ಅವರಪ್ಪನ ಮಾತು, ಅತ್ತೆಯ ಪಾಲಿಗೆ ಅದೇ ವೇದ. ಮಾವನ ಮನೆಯಲ್ಲಿ ರಾತ್ರಿ ಊಟಕ್ಕೆ ಅಕ್ಕಿರೊಟ್ಟಿ. ಮಾವನಿಗೆ ಎರಡು. ಎರಡೂ ಮುಗಿದ ಮೇಲೆ ಮಾವ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ, "ಕೊಸರು?" ಎನ್ನುವರು.

"ಕೇಳಿದ್ದು ಎರಡು, ಹಾಕಿದ್ದು ಎರಡು. ಏಳಿ, ಕೈ ತೊಳ್ಕೊಳ್ಳಿ" ಎನ್ನುವರು ಅತ್ತೆ.

ಮದುವೆಯಾದ ಲಾಗಾಯ್ತು ಇದೇ ಪ್ರಶ್ನೆ, ಇದೇ ಉತ್ತರ. ಒಂದು ದಿನವಾದರೂ ಆ ಮನುಷ್ಯ ಕೇಳುವುದನ್ನು ಬಿಟ್ಟವರಲ್ಲ, ಈ ಹೆಂಗಸು ಕರಗಿದವರೂ ಅಲ್ಲ.

ಮೇಷ್ಟ್ರ ಕೆಲಸದಲ್ಲಿ ಮಾವನಿಗೆ ಒಂದು ಕೊರಗು ಉಳಿದುಹೋಗಿತ್ತು. 'ನಮ್ಮ ನೆರೆಯ ರಾಷ್ಟ್ರಗಳು' ಎಂಬ ಪಾಠ ಪುಸ್ತಕದ ಕೊನೆಯಲ್ಲಿರುತ್ತಿತ್ತು. ಕೊಸರು ಪಾಠಗಳ ದೆಸೆಯಿಂದ ಮಾವ ಅಲ್ಲಿಗೆ ಮುಟ್ಟುವ ಹೊತ್ತಿಗೆ ಸರಿಯಾಗಿ ಪರೀಕ್ಷೆ ಬಂದುಬಿಡುತ್ತಿತ್ತು. ಹೀಗಾಗಿ ನೇಪಾಳ, ಭೂತಾನ, ಸಿಂಹಳ, ಬಾಂಗ್ಲಾ ಎಲ್ಲ ಪಾಠವಾಗದೆ ಹಾಗೆಯೇ ನಿಂತವು. ರಿಟೈರಾದ ಮೇಲೆ ಒಂದು ದಿನ ಪೇಪರಿನಲ್ಲಿ ಸುದ್ದಿ ಓದಿದರು. ಅಕ್ಕಪಕ್ಕದ ದೇಶಗಳು ಇನ್ನು ಮೇಲೆ ಕಂಪ್ಯೂಟರಿನ ಮೂಲಕ ಪರಸ್ಪರ ವ್ಯಾಪಾರ ಮಾಡಬೇಕು, ಅದಕ್ಕಾಗಿ ದೊಡ್ಡವರೆಲ್ಲ ಸಭೆ ಸೇರಿದ್ದಾರೆ ಎಂಬ ಸುದ್ದಿ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಮಾವ ಪೇಪರು ಮಡಿಸಿಟ್ಟು ಎದ್ದು ನಿಂತರು.

"ಅವರು ಸಭೆ ಮಾಡ್ತಾ ಇರ್ಲಿ. ವ್ಯಾಪಾರ ಅಂತ ಯಾರಾದ್ರೂ ಶುರು ಮಾಡ್ಬೇಕಲ್ಲ? ನಾನು ಮಾಡ್ತೀನಿ."

"ಏನು ಮಾರ್ತೀರಿ?" ಅತ್ತೆ ಒಳಗಿನಿಂದಲೇ ಕೇಳಿದರು.

"ಉಂಡೆ ಕೊಬ್ಬರಿ!"

ದೇಶ ದೇಶಗಳ ನಡುವಿನ ಒಪ್ಪಂದಕ್ಕೆ ಮುಂಚೆ ತಾಲ್ಲೂಕುಗಳ ನಡುವೆ ಒಪ್ಪಂದ ಆಗಬೇಕು ಎಂಬುದು ಮಾವನ ಸಿದ್ಧಾಂತ. ಒಂದು ಭಾನುವಾರ ಅವರ ನಡುಮನೆಯಲ್ಲಿ ನಾಲ್ಕು ತಾಲ್ಲೂಕುಗಳ ಶೃಂಗಸಭೆ ನಡೆಯಿತು! ಹೊಳೆನರಸೀಪುರಕ್ಕೆ ಸ್ವತಃ ಮಾವ. ಹಾಸನಕ್ಕೆ ನಾನು. ಚನ್ನರಾಯಪಟ್ಟಣಕ್ಕೆ ಅವರ ಹಳೆಯ ಶಿಷ್ಯ, ನುಗ್ಗೇಹಳ್ಳಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವಾತ. ಅರಕಲಗೂಡಿಗೆ, ಹುಟ್ಟಿದೂರಿನ ಹಕ್ಕಿನಿಂದ, ಅತ್ತೆ. ಚರ್ಚೆಗೆ ಇದ್ದದ್ದು ಒಂದೇ ವಿಷಯ. ನೂರಕ್ಕೆ ಕೊಸರೆಷ್ಟು?

"ನಮ್ ಕಡೆ ನೂರುಕ್ಕೆ ನಾಕು ಬುಡ್ತೀವಿ ಸಾ" ಎಂದ ಶಿಷ್ಯ.

"ಅರಕಲಗೂಡಿನಿಂದ ಸೊನ್ನೆ" ಎಂದರು ಅತ್ತೆ.

ಹಾಸನ ಏನು ಹೇಳುತ್ತದೆ ಎಂದು ಎಲ್ಲರೂ ನನ್ನ ಮುಖ ನೋಡಿದರು. ಉಪ್ಪಿಟ್ಟಿನ ಬಾಣಲೆ ಅರಕಲಗೂಡಿನ ಪ್ರತಿನಿಧಿಯ ಕೈಯಲ್ಲಿದ್ದುದರಿಂದ ಹಾಸನ ತಟಸ್ಥವಾಗಿ ಉಳಿಯಿತು. ಎರಡು ಮತಗಳಿಂದ ನಾಲ್ಕು ಕಾಯಿ ಕೊಸರು ಪಾಸಾಯಿತು. ಅರಕಲಗೂಡು ಸಭಾತ್ಯಾಗ ಮಾಡಿ ಅಡುಗೆಮನೆಗೆ ಹೋಯಿತು, ಉಪ್ಪಿಟ್ಟೂ ಜೊತೆಯಲ್ಲೇ ಹೋಯಿತು.

ಇನ್ನು ಕಂಪ್ಯೂಟರು. ಬಸ್ ಸ್ಟ್ಯಾಂಡ್ ಹತ್ತಿರ ತಮ್ಮಯ್ಯಣ್ಣ ಎಂಬ ಹಳೇಕೋಟೆ ಕಡೆಯ ಗೌಡರು ಎಸ್‌ಟಿಡಿ ಬೂತ್ ಇಟ್ಟಿದ್ದರು. ಮೊಬೈಲು ಬಂದು ಬೂತಿನ ವ್ಯಾಪಾರ ಬಿದ್ದ ಮೇಲೆ ಅದಕ್ಕೇ ಸೈಬರ್ ಸೆಂಟರ್ ಎಂದು ಬೋರ್ಡು ಬರೆಸಿದ್ದರು. ಮಾವನಿಗೆ ಅಲ್ಲಿ ಒಂದು ಬಿಟ್ಟಿ ವೆಬ್‌ಸೈಟ್ ತಯಾರಾಯಿತು. ಕೊಬ್ಬರಿಯ ಫೋಟೋ ಹಾಕಿದರು, ಎಷ್ಟು ಬೇಕು ಎಂದು ತುಂಬಲು ಒಂದು ಚೌಕ ಇಟ್ಟರು. ಮಾವ ಕನ್ನಡಕ ಏರಿಸಿ ನೋಡಿದರು.

"ತಮ್ಮಯ್ಯ, ಇದರಲ್ಲಿ ಕೊಸರಿನ ಚೌಕ ಎಲ್ಲಿ?"

"ಕೊಸ್ರಿಗೆಲ್ಲಾ ಇದ್ರಲ್ಲಿ ಜಾಗ ಇಲ್ಲ ಸಾ."

"ಜಾಗ ಇಲ್ಲ ಅಂದ್ರೆ? ಇಷ್ಟು ದೊಡ್ಡ ಇಂಟರ್‌ನೆಟ್ಟು, ನಾಲ್ಕು ಕೊಬ್ಬರಿಗೆ ಜಾಗ ಇಲ್ಲವೇ?"

"ಕಂಪ್ಯೂಟ್ರು ಏಳಿದ್ದಷ್ಟೇ ಕೇಳೋದು ಸಾ. ಮ್ಯಾಲೊಂದು ಕೊಡು ಅಂದ್ರೆ ಅದುಕ್ಕೆ ಗ್ಯಾನ ಇಲ್ಲ ಕಣ್ ಸಾ!"

"ಹಾಗಾದ್ರೆ ಅದು ನಮ್ಮ ಮನೆಯವಳ ಜಾತಿ" ಎಂದು ಮಾವ ನಿಟ್ಟುಸಿರು ಬಿಟ್ಟರು.

ತಿಂಗಳುಗಟ್ಟಲೆ ಒಂದು ಆರ್ಡರೂ ಬರಲಿಲ್ಲ. ಬಂದದ್ದೆಲ್ಲ, ಯಾವುದೋ ದೇಶದ ದೊರೆಯಾಗಿದ್ದ ನಮ್ಮಪ್ಪ ಸತ್ತ, ಅವನ ಆಸ್ತಿಯಲ್ಲಿ ನಿಮಗೆ ಪಾಲು ಕೊಡುತ್ತೇವೆ ಎನ್ನುವ ಮೋಸದ ಪತ್ರಗಳು. ಮಾವ ಅವಕ್ಕೂ ಉತ್ತರ ಬರೆದರು! "ನಿಮ್ಮ ತಂದೆಯವರು ತೀರಿಕೊಂಡ ವಿಷಯ ತಿಳಿದು ಬಹಳ ದುಃಖವಾಯಿತು. ಆಸ್ತಿ ಬೇಡ. ವೈಕುಂಠ ಸಮಾರಾಧನೆಗೆ ಕೊಬ್ಬರಿ ಏನಾದರೂ ಬೇಕಿದ್ದರೆ ತಿಳಿಸುವುದು." ಆ ಕಡೆಯ ಮೋಸಗಾರ ಮತ್ತೆ ತಲೆ ಹಾಕಲಿಲ್ಲ.

ಇತ್ತ ನಡುಮನೆಯಲ್ಲಿ ಶಿಷ್ಯನಿಂದ ತರಿಸಿದ್ದ ಕೊಬ್ಬರಿ ಮೂಟೆ ಕೂತುಬಿಟ್ಟಿತ್ತು. "ದೀಪಾವಳಿಯೊಳಗೆ ಇದು ಮನೆ ಬಿಡಬೇಕು. ಇಲ್ಲದಿದ್ದರೆ ಎಲ್ಲ ತುರಿದು ಮಿಠಾಯಿ ಮಾಡಿ ಬೀದಿಗೆಲ್ಲ ಹಂಚ್ತೀನಿ. ಆಮೇಲೆ ನಿಮ್ಮ ನೆರೆ ರಾಷ್ಟ್ರದ ಸುದ್ದಿ ಈ ಮನೇಲಿ ಎತ್ತೋ ಹಾಗಿಲ್ಲ" ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು. ಮಾವ ನಗುತ್ತಾ ತಲೆಯಾಡಿಸಿದರು. ಆದರೆ ಆ ವಾರ ಅವರು ದಿನಕ್ಕೆ ಎರಡೆರಡು ಸಲ ತಮ್ಮಯ್ಯಣ್ಣನ ಅಂಗಡಿಗೆ ಹೋಗಿಬಂದದ್ದು ನನಗೆ ಗೊತ್ತು.

ಕೊನೆಗೂ ಒಂದು ಆರ್ಡರು ಬಂತು. ಬಂದದ್ದು ನೇಪಾಳದಿಂದ! ಪೋಖರಾದಲ್ಲಿ ಪೂಜೆ ಸಾಮಾನಿನ ಅಂಗಡಿ ಇಟ್ಟಿರುವ ಒಬ್ಬ ಹೆಂಗಸು ನೂರು ಉಂಡೆ ಕೊಬ್ಬರಿ ಬೇಕು ಎಂದು ಇಂಗ್ಲಿಷ್ ಅಕ್ಷರದ ಹಿಂದಿಯಲ್ಲಿ ಬರೆದಿದ್ದಳು. ದೀಪಾವಳಿಯ ಹೊತ್ತಿಗೆ ಅಲ್ಲಿ ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ತಿಲಕ ಇಟ್ಟು ಒಣಹಣ್ಣು, ಕೊಬ್ಬರಿ ಕೊಡುತ್ತಾರಂತೆ. ಹಬ್ಬಕ್ಕೆ ಮುಂಚೆ ತಲುಪಲೇಬೇಕು ಎಂದಿದ್ದಳು. ಹಿಂದಿ ಪರೀಕ್ಷೆ ಕಟ್ಟಿ ಪಾಸು ಮಾಡಿದ್ದ ಮಾವನಿಗೆ ಅಂದು ಆ ಹಿಂದಿ ಸಾರ್ಥಕವಾಯಿತು. "ತಂಗಿ, ನಾನಿದ್ದೇನೆ" ಎಂದು ಉತ್ತರ ಬರೆದರು.

ಬಿಲ್ಲು ಬರೆದದ್ದು ನಾನು. ನೂರು ಎಂದೇ ಬರೆದೆ. ಮೂಟೆ ಹೊಲಿಯುವ ಹೊತ್ತಿಗೆ ಮಾವ ಎರಡೂ ಕೈಯಲ್ಲಿ ಎರಡೆರಡು ಕೊಬ್ಬರಿ ಹಿಡಿದು ಬಂದು ಒಳಗೆ ಹಾಕಿದರು.

"ಬಿಲ್ಲಲ್ಲಿ ಒಂದು, ಚೀಲದಲ್ಲಿ ಒಂದು. ದಾರೀಲಿ ಯಾರಾದ್ರೂ ಎಣಿಸಿದ್ರೆ?" ಎಂದರು ಅತ್ತೆ.

"ಎಣಿಸಿದ್ರೆ ಸಂತೋಷ ಪಡ್ತಾರೆ ಕಣೇ!"

ಎಣಿಸಿದರು. ಸಂತೋಷ ಪಡಲಿಲ್ಲ.

ಗಡಿಯಿಂದ ಲಾರಿ ಏಜೆಂಟ್ ತಮ್ಮಯ್ಯಣ್ಣನ ಅಂಗಡಿಗೆ ಫೋನ್ ಮಾಡಿದ. ಬಿಲ್ಲಿನಲ್ಲಿಲ್ಲದ ನಾಲ್ಕು ಕೊಬ್ಬರಿ ಸಿಕ್ಕಿವೆ, ಮೂಟೆಯನ್ನು ಸುಂಕದವರು ತಡೆದಿದ್ದಾರೆ ಎಂದ. 'ಕಣ್ತಪ್ಪಿನಿಂದ ನಾಲ್ಕು ಹೆಚ್ಚು ಸೇರಿವೆ' ಎಂದು ಬರೆದು ಸಹಿ ಹಾಕಿ ಫ್ಯಾಕ್ಸ್ ಮಾಡಿದರೆ ನಾಲ್ಕನ್ನು ತೆಗೆದಿಟ್ಟುಕೊಂಡು ಮಿಕ್ಕದ್ದನ್ನು ಬಿಡುತ್ತಾರಂತೆ. ಇದಕ್ಕಿಂತ ಸುಲಭ ಯಾವುದಿದೆ? ನಾನು ಕಾಗದವನ್ನೂ ಬರೆದುಕೊಟ್ಟೆ. ಮಾವ ಪೆನ್ನು ಮುಟ್ಟಲಿಲ್ಲ.

"ಕಣ್ತಪ್ಪಿನಿಂದ ಅಂತ ಯಾಕೆ ಬರೀಲಿ? ನಾನು ಕಣ್ಣಾರೆ ನೋಡಿ ಹಾಕಿದ್ದು."

"ಹೋಗ್ಲಿ, ಆ ನಾಲ್ಕಕ್ಕೂ ಬೆಲೆ ಹಾಕಿ ಹೊಸ ಬಿಲ್ಲು ಮಾಡೋಣ ಮಾವ."

"ಕೊಸರಿಗೆ ಬೆಲೆ ಹಾಕೋದಾ? ನಿನಗೆ ಕಾಮರ್ಸ್ ಹೇಳಿಕೊಟ್ಟವರು ಯಾರೇ!"

ಅವರೇ ಕೂತು ಇಂಗ್ಲಿಷಿನಲ್ಲಿ ಒಂದು ದೀರ್ಘ ಪತ್ರ ಬರೆದರು. ಕೊಸರು ಸರಕಲ್ಲ, ಅದು ಕೊಡುವವನಿಗೂ ಕೊಳ್ಳುವವನಿಗೂ ನಡುವಿನ ವಿಶ್ವಾಸ, ಅದಕ್ಕೆ ಯಾವ ದೇಶದಲ್ಲೂ ಸುಂಕ ಹಾಕಲು ಬರುವುದಿಲ್ಲ ಎಂದು ಪುಟ ತುಂಬಿಸಿ, ಪುಟದಾಚೆಗೂ ಒಂದು ಪ್ಯಾರಾ ಕೊಸರು ಬರೆದರು. ಆ ಕಡೆಯಿಂದ ಬಂದ ಉತ್ತರ ಒಂದೇ ಸಾಲು. "ಹೆಚ್ಚುವರಿ ನಾಲ್ಕರ ಬಗ್ಗೆ ವಿವರಣೆ ಕೊಡಿ."

"ಯೋಳ್ದಂಗೆ ಬರ್ದು ಆಕ್ಬುಡಿ ಸಾ" ಎಂದು ತಮ್ಮಯ್ಯಣ್ಣ ಗೋಗರೆದರು. "ಒಂದ್ ಸೈನ್ ತಾನೆ? ಅಬ್ಬ ಬಂದ್ಬುಡ್ತದೆ. ಆಯಮ್ಮ ಏನ್ ಮಾಡ್ಬೇಕು?"

ಮಾವ ಅಲ್ಲಾಡಲಿಲ್ಲ. ಹಬ್ಬ ಹತ್ತಿರ ಬಂತು. ಆಗ ಪೋಖರಾದಿಂದ ಒಂದು ಮೇಲ್ ಬಂತು. ಮಾವನ ಕನ್ನಡಕ ಮನೆಯಲ್ಲೇ ಉಳಿದಿದ್ದುದರಿಂದ ನಾನೇ ಓದಿ ಹೇಳಿದೆ. "ಗುರೂಜಿ, ಏಜೆಂಟ್ ಎಲ್ಲ ಹೇಳಿದ. ನಮ್ಮಲ್ಲೂ ಇದು ಇದೆ. ನಾವು ಫಾವು ಅನ್ನುತ್ತೇವೆ. ನಮ್ಮಮ್ಮ ಫಾವು ಕೊಡದೆ ಗಿರಾಕಿಯನ್ನು ಕಳಿಸುತ್ತಿರಲಿಲ್ಲ. ನಿಮ್ಮ ನಾಲ್ಕು ಕೊಬ್ಬರಿ ನನಗೆ ಬಂದ ಹಾಗೇ ಎಂದು ತಿಳಿದಿದ್ದೇನೆ. ಆದರೆ ಅಣ್ಣತಮ್ಮಂದಿರಿಗೆ ಕೊಡಲು ಕೊಬ್ಬರಿ ಎಲ್ಲಿ ಎಂದು ಹೆಣ್ಣುಮಕ್ಕಳು ದಿನಾ ಅಂಗಡಿಗೆ ಬಂದು ಕೇಳುತ್ತಿದ್ದಾರೆ."

"ಫಾವು" ಎಂದು ಮಾವ ಒಂದು ಸಲ ಬಾಯಲ್ಲಿ ಹೇಳಿ ನೋಡಿದರು. ಇಷ್ಟು ವರ್ಷ ಪಾಠವಾಗದೆ ಉಳಿದಿದ್ದ ನೆರೆಯ ರಾಷ್ಟ್ರ ಅಷ್ಟು ದೂರದಿಂದ ಬಂದು ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಂತಿತ್ತು. ಆಮೇಲೆ ಕೈ ಚಾಚಿ, "ಎಲ್ಲೇ, ಆ ಕಾಗದ ಕೊಡು" ಎಂದರು. ಕಣ್ತಪ್ಪಿನಿಂದ ಎಂದು ಬರೆದಿದ್ದ ಸಾಲಿನ ಕೆಳಗೆ ಸಹಿ ಹಾಕಿದರು. ಬಸ್ಸು, ಶಾಲೆ, ಇಂಟರ್‌ನೆಟ್ಟು ಯಾವುದಕ್ಕೂ ಬಗ್ಗದ ಮನುಷ್ಯ, ಮುಖ ಕಾಣದ ಊರಿನ ಹೆಣ್ಣುಮಕ್ಕಳಿಗಾಗಿ ತಮ್ಮ ಕೊಸರನ್ನು ತಪ್ಪು ಎಂದು ಒಪ್ಪಿಕೊಂಡರು. ತಮ್ಮಯ್ಯಣ್ಣ ಫ್ಯಾಕ್ಸಿನ ದುಡ್ಡು ಬೇಡವೆಂದರು.

ಮೂಟೆ ಹಬ್ಬಕ್ಕೆ ಮುಂಚೆಯೇ ಪೋಖರಾ ಸೇರಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅದಲ್ಲ, ಸಹಿ ಹಾಕಿದ ದಿನದ ಊಟ.

ಅವತ್ತು ನಾನೂ ಅಲ್ಲೇ ಉಳಿದಿದ್ದೆ. ನಡೆದದ್ದನ್ನು ಅತ್ತೆಗೆ ನಾನೇ ಹೇಳಿದ್ದೆ. "ಅವತ್ತೇ ಹೇಳಿರಲಿಲ್ವೇ" ಎಂಬ ಮಾತು ಬಂದೇ ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಮಾವ ಊಟಕ್ಕೆ ಕೂತರು. ಅತ್ತೆ ಒಂದು ರೊಟ್ಟಿ ಹಾಕಿದರು, ಆಮೇಲೆ ಇನ್ನೊಂದು. ಮಾವ ಎರಡನ್ನೂ ತಿಂದು ಮುಗಿಸಿದರು. ತಟ್ಟೆ ಮುಂದಕ್ಕೆ ಬರಲಿಲ್ಲ. ಅತ್ತೆ ರೊಟ್ಟಿ ಎತ್ತುವ ಮೊಗಚೆ ಕೈ ಹಿಡಿದು ಕಾದರು.

"ಏನ್ರೀ, ಇವತ್ತು ಕೇಳ್ಲಿಲ್ಲ?"

"ಏನನ್ನ?"

"ಕೊಸರು."

"ಬೇಡ ಬಿಡು" ಎಂದು ಮಾವ ಏಳಲು ನೆಲಕ್ಕೆ ಕೈಯೂರಿದರು.

ಅತ್ತೆ ಅವರ ಭುಜ ಹಿಡಿದು ಕೂರಿಸಿದರು. ಬಾಣಲೆಯಲ್ಲಿ ಒಂದು ರೊಟ್ಟಿ ಆಗಲೇ ಬೇಯುತ್ತಿತ್ತು. ಅದು ಯಾರದೆಂದು ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ. ಅದನ್ನು ತಂದು ಮಾವನ ತಟ್ಟೆಗೆ ಹಾಕಿ, ಮೇಲೊಂದು ಚಮಚ ಬೆಣ್ಣೆ ಇಟ್ಟರು. ಮಾವ ತಲೆ ಎತ್ತಿ ಅವರನ್ನೇ ನೋಡಿದರು. ಆ ಕಣ್ಣುಗಳನ್ನು ನೋಡಲಾರದೆ ನಾನು ನನ್ನ ತಟ್ಟೆ ನೋಡತೊಡಗಿದೆ.

"ಸುಮ್ನೆ ತಿನ್ನಿ" ಎಂದರು ಅತ್ತೆ. "ಇದು ಕಣ್ತಪ್ಪಿನಿಂದ ಬಿದ್ದಿದ್ದಲ್ಲ."